ಅಳಿವೆಯಾಚೆಯ ನೀರು

ನಮ್ಮವರು ಸೊಂಟನೋವು ತೋರಿಸಲು ಹುಬ್ಬಳ್ಳಿಗೆ ಹೋಗಿ ಮೀನಿನ ಹುಚ್ಚು ಹಿಡಿಸಿಕೊಂಡು ಬಂದರು. ಡಾಕ್ಟರ ಕೋಣೆಯ ಹೊರಗೆ ಗೋಡೆಗೆ ತಾಗಿಸಿ ಇಟ್ಟಿದ್ದ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನುಗಳನ್ನು ಕಂಡಿದ್ದರಂತೆ. ಕಿತ್ತಳೆ ಬಣ್ಣ, ಮೈಮೇಲೆ ಬಿಳಿ ಪಟ್ಟೆ. ಹೂವಿನಂತೆ ಕಾಣುವ ಯಾವುದೋ ಪ್ರಾಣಿಯ ಎಸಳುಗಳ ನಡುವೆ ಹೊಕ್ಕು ಹೊರಗೆ ಬರುತ್ತಿದ್ದವಂತೆ. ಸರದಿ ಬಂದು ಹೆಸರು ಕೂಗಿದರೂ ಇವರಿಗೆ ಕೇಳಿಸಿಲ್ಲ. ಮನೆಗೆ ಬಂದ ಮೇಲೆ ಡಾಕ್ಟರು ಏನಂದರು ಅಂತ ನಾನು ಕೇಳಿದರೆ, "ಆ ತೊಟ್ಟಿ ಕೆಳಗ ಕಪಾಟಿನಾಗ ಇನ್ನೊಂದು ತೊಟ್ಟಿ ಇರ್ತೈತಿ ಶೈಲಾ, ಎಲ್ಲಾ ಮಜಾ ಅದರಾಗೈತಿ" ಅಂದರು. ಮಾತ್ರೆಯ ಚೀಟಿ ಬಸ್ಸಿನಲ್ಲೇ ಬಿದ್ದುಹೋಗಿತ್ತು.

ಇವರ ಹೆಸರು ಶಿವಪುತ್ರಪ್ಪ. ಶಿರಸಿಯಲ್ಲಿ ಬನವಾಸಿ ರಸ್ತೆಗೆ ನಮ್ಮದೊಂದು ಅಂಗಡಿ. ಪೈಪು, ಪಂಪು, ನಲ್ಲಿ, ತೋಟಕ್ಕೆ ಬೇಕಾದ ಗೊಬ್ಬರ, ಔಷಧಿ. ಅಡಿಕೆಗೆ ಕೊಳೆರೋಗ ಬರಬಾರದೆಂದು ಮಳೆಗಾಲದ ಮುಂಚೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಗೊನೆಗಳಿಗೆ ಹೊಡೆಯುತ್ತಾರಲ್ಲ, ಆ ಎರಡೂ ನಮ್ಮಲ್ಲೇ ಸಿಗುತ್ತವೆ. ಮಧ್ಯಾಹ್ನದ ಮೇಲೆ ಗಲ್ಲೆಯಲ್ಲಿ ನಾನು ಕೂರುತ್ತೇನೆ. ಇವರಿಗೆ ಮಾತು ಕಡಿಮೆ, ಪೈಪಿನ ಸುದ್ದಿ ಬಂದರೆ ಮಾತ್ರ ನಿಲ್ಲುವುದಿಲ್ಲ. ಬೇರೆಯವರ ಮದುವೆ ಮನೆಗೆ ಊಟಕ್ಕೆ ಹೋದರೂ ಕೈತೊಳೆಯುವ ಜಾಗದಲ್ಲಿ ಸೋರುವ ನಲ್ಲಿ ಕಂಡರೆ ರೇಷ್ಮೆ ಪಂಚೆ ಎತ್ತಿ ಕಟ್ಟಿ ಕುಳಿತುಬಿಡುತ್ತಾರೆ. ಕೆಟ್ಟ ಗುಣ ಒಂದೇ. ಒಂದು ಸಲ ಹೀಗೇ ಅಂತ ತಲೆಯಲ್ಲಿ ಕೂತರೆ ಬ್ರಹ್ಮ ಬಂದು ಹೇಳಿದರೂ ಕೇಳುವುದಿಲ್ಲ, ಆಮೇಲೆ ಬಾಯಿಗೆ ಬೀಗವೂ ಇರುವುದಿಲ್ಲ.

ಮೀನು ಸಾಕಬೇಕು ಅಂದಾಗ ಮನೆಯಲ್ಲಿ ದೊಡ್ಡ ರಾದ್ಧಾಂತವೇನೂ ಆಗಲಿಲ್ಲ. ನಾವು ಲಿಂಗವಂತರು, ಮೀನು ತಿನ್ನುವವರಲ್ಲ. ಸಾಕುವುದಕ್ಕೆ ಏನಡ್ಡಿ ಅಂತ ನಮ್ಮತ್ತೆ ಮುರಿಗೆವ್ವನವರೇ ಅಂದುಬಿಟ್ಟರು. ಅವರು ತಿಳಿದದ್ದು ಒಂದು ಗಾಜಿನ ಬುರುಡೆ, ಎರಡು ಕೆಂಪು ಮೀನು ಅಂತ. ಕೆಲವೇ ದಿನಗಳಲ್ಲಿ ಪಡಸಾಲೆಗೆ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ ಬಂತು. ಅದರಡಿಗೆ ಮರದ ಕಪಾಟು, ಕಪಾಟಿನೊಳಗೆ ಇನ್ನೊಂದು ತೊಟ್ಟಿ. ಅದನ್ನು ಸಂಪು ಅಂತಾರೆ ಅಂತ ಇವರು ವಿವರಿಸಿದರು. ಅತ್ತೆ ಕನ್ನಡಕ ಏರಿಸಿ, "ಸಂಪು ಅಂಗಳದಾಗ ಇರ್ತೈತಿ. ನಿನ್ನ ಬುದ್ಧಿ ಎಲ್ಲೈತಿ?" ಅಂದರು.

ಆ ಕೆಳಗಿನ ತೊಟ್ಟಿ ಕಟ್ಟುವುದರಲ್ಲಿ ಇವರು ಇಡೀ ಮಳೆಗಾಲ ಕಳೆದರು. ಗಾಜು ಕತ್ತರಿಸಿ ತಂದು, ಅಂಟು ಹಚ್ಚಿ, ಒಳಗೆ ಮೂರು ಖಾನೆ ಮಾಡಿದರು. ಮೇಲಿನ ತೊಟ್ಟಿ ತುಂಬಿದ ನೀರು ಮೂಲೆಯ ಪೈಪಿನಿಂದ ಕೆಳಗಿಳಿದು ಮೊದಲ ಖಾನೆಗೆ ಬರಬೇಕು. ಅಲ್ಲಿ ಬಿಳಿಯ ಬಟ್ಟೆಚೀಲವೊಂದು ಕಸ ಹಿಡಿಯುತ್ತದೆ. ಎರಡನೆಯದರಲ್ಲಿ ಒಂದು ಯಂತ್ರ ನೊರೆ ಎಬ್ಬಿಸುತ್ತದೆ, ನೀರಿನ ಜಿಡ್ಡೆಲ್ಲ ನೊರೆಗೆ ಅಂಟಿ ಮೇಲಿನ ಬಟ್ಟಲಿಗೆ ಬಂದು ಬೀಳುತ್ತದೆ. ಮೂರನೆಯದರಲ್ಲಿ ಪಂಪು ಕೂತು, ಶುದ್ಧವಾದ ನೀರನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಹೀಗೆ ಹಗಲೂ ರಾತ್ರಿ ನೀರು ತಿರುಗುತ್ತಲೇ ಇರಬೇಕು. ಇಷ್ಟನ್ನು ಅಂಗಡಿಗೆ ಬಂದ ಗಿರಾಕಿಗಳಿಗೂ ಹೇಳಿ, ಅವರು ಕೇಳಿದ ಪೈಪಿನ ಎಲ್ಬೋ ಕೊಡಲು ಮರೆತು, ನನ್ನ ಕೈಯಲ್ಲಿ ಬೈಸಿಕೊಂಡರು.

ಮೊದಲ ಪರೀಕ್ಷೆಗೆ ಬಾವಿ ನೀರು ತುಂಬಿದರು. ನೀರು ಸರಸರ ಇಳಿಯಿತು, ಏರಿತು. ಇವರು ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಪಂಪು ನಿಂತದ್ದೇ ತಡ, ನೀರು ಏರಿಸುತ್ತಿದ್ದ ಪೈಪೇ ನೀರು ಇಳಿಸತೊಡಗಿತು. ಮೇಲಿನ ತೊಟ್ಟಿ ಅರ್ಧ ಖಾಲಿಯಾಗಿ, ಕೆಳಗಿನದು ತುಂಬಿ ಉಕ್ಕಿ, ಪಡಸಾಲೆ ದಾಟಿ ನೀರು ದೇವರ ಕೋಣೆಗೆ ಹೋಯಿತು. ಅಲ್ಲಿ ಅತ್ತೆ ಲಿಂಗಪೂಜೆಗೆ ಕೂತಿದ್ದರು. ಒದ್ದೆ ಸೀರೆಯಲ್ಲೇ ಕೂತು, "ಶಿವಪುತ್ರಾ, ಗಂಗವ್ವ ತಾನಾಗಿ ಬಂದಾಳ. ನಿಂತು ಏನ್ ನೋಡ್ತಿ, ನಮಸ್ಕಾರ ಮಾಡು" ಅಂದರು. ನಾನು ನಕ್ಕು ನಕ್ಕು ಸುಸ್ತಾಗಿ ಕೊನೆಗೆ ನೆಲ ಒರೆಸಿದೆ.

ಇವರು ಮರುದಿನ ಆ ಪೈಪಿಗೆ, ಮೇಲಿನ ನೀರಿನ ಮಟ್ಟದ ತುಸು ಕೆಳಗೆ, ಸಣ್ಣದೊಂದು ತೂತು ಕೊರೆದರು. ನೀರು ಸ್ವಲ್ಪ ಇಳಿದದ್ದೇ ಆ ತೂತಿನಿಂದ ಗಾಳಿ ಹೊಕ್ಕು ಹರಿವು ಕಡಿದುಹೋಗುತ್ತದೆ. ಅಷ್ಟು ನೀರು ಹಿಡಿಸುವಂತೆ ಕೆಳಗಿನ ತೊಟ್ಟಿಯಲ್ಲಿ ಯಾವಾಗಲೂ ಜಾಗ ಖಾಲಿ ಬಿಟ್ಟುಕೊಂಡರಾಯಿತು. ನಮ್ಮೂರಿನ ಕರೆಂಟಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಆ ತೂತನ್ನು ನೋಡಿ ಇವರು ಪಟ್ಟ ಖುಷಿಯನ್ನು ಮದುವೆಯ ದಿನ ನನ್ನನ್ನು ನೋಡಿ ಪಟ್ಟ ನೆನಪಿಲ್ಲ.

ಇನ್ನು ಉಪ್ಪು ನೀರು. ಪಾಕೀಟಿನ ಉಪ್ಪು ಸಿಗುತ್ತದೆ, ನೀರಿಗೆ ಕಲಸಿದರೆ ಆಯಿತು. ಅದನ್ನು ತರಿಸುವ ಮಾತು ಬಂದಾಗ ಅಲ್ಲಾವುದ್ದೀನ್ ಟೀ ಗ್ಲಾಸು ಕೆಳಗಿಟ್ಟು, "ನಾ ಇರೂವಾಗ ಸಮುದ್ರ ಪಾಕೀಟಿನಾಗ ಯಾಕಣ್ಣಾ?" ಅಂದ.

ಅಲ್ಲಾವುದ್ದೀನ್ ನಮ್ಮೂರಿನವನೇ. ಮೀನಿನ ವ್ಯಾನು ಇಟ್ಟಿದ್ದಾನೆ. ಘಟ್ಟ ಇಳಿದು ತದಡಿ ಬಂದರಿಗೆ ಹೋಗಿ ಮೀನು ತುಂಬಿಕೊಂಡು ಬೆಳಿಗ್ಗೆ ಶಿರಸಿ ಪೇಟೆಗೆ ಹಾಕುತ್ತಾನೆ. ಮೊದಲು ಲಾರಿಯಲ್ಲಿ ನಮ್ಮ ಅಂಗಡಿಗೆ ಕರಾವಳಿಯ ಚಿಪ್ಪಿಸುಣ್ಣ ತರುತ್ತಿದ್ದ. ಆಗಿನಿಂದ ಇಬ್ಬರಿಗೂ ಗೆಳೆತನ. ದಿನಾ ಸಂಜೆ ಅಂಗಡಿಯ ಮೆಟ್ಟಿಲಿನ ಮೇಲೆ ಕೂತು ಟೀ ಕುಡಿಯುತ್ತಾರೆ, ಹತ್ತು ಮಾತು ಅವನದು, ಒಂದು ಇವರದು. ಒಮ್ಮೆ ಇವರು ಹುಲಗೋಳದ ಹತ್ತಿರ ಸ್ಕೂಟರಿನಿಂದ ಬಿದ್ದಾಗ ಎತ್ತಿ ವ್ಯಾನಿಗೆ ಹಾಕಿಕೊಂಡು ಬಂದವನೂ ಅವನೇ. ಇವರಿಗೆ ತಮ್ಮನಿಲ್ಲದ ಕೊರತೆಯನ್ನು ಅವನು ತುಂಬಿದ್ದ. ಇದನ್ನು ಇವರು ಬಾಯಿಬಿಟ್ಟು ಹೇಳಿದವರಲ್ಲ, ನಾನು ಕಂಡು ಹೇಳುತ್ತಿದ್ದೇನೆ.

ದೋಣಿ ನಿಲ್ಲುವ ಧಕ್ಕೆಯ ಹತ್ತಿರದ ನೀರು ಬೇಡ, ಅಲ್ಲಿ ದೋಣಿಗಳ ಡೀಸೆಲ್ ತೇಲುತ್ತದೆ, ಹೊಳೆಯ ಸಿಹಿನೀರೂ ಸೇರಿರುತ್ತದೆ, ಹೊಳೆ ಸಮುದ್ರ ಸೇರುವ ಅಳಿವೆ ದಾಟಿ ಆಚೆ ಸಮುದ್ರದಲ್ಲಿ ತುಂಬಿಸಿದ ನೀರೇ ಆಗಬೇಕು ಅಂತ ಇವರು ಹೇಳಿದರು. ಅಲ್ಲಾವುದ್ದೀನನಿಗೆ ಮಾದೇವ ಅಂತ ಒಬ್ಬ ದೋಣಿಯವನ ಪರಿಚಯ, ವರ್ಷಗಳಿಂದ ಅವನ ದೋಣಿಯ ಮೀನನ್ನೇ ಕೊಳ್ಳುತ್ತಿದ್ದ. ಮಾದೇವ ಬಲೆ ಹಾಕಲು ಹೋದಾಗ ಕ್ಯಾನು ತುಂಬಿ ತರುತ್ತಿದ್ದ, ಅಲ್ಲಾವುದ್ದೀನ್ ಅವನ್ನು ಘಟ್ಟ ಹತ್ತಿಸಿ ನಮ್ಮ ಮನೆಗೆ ಮುಟ್ಟಿಸುತ್ತಿದ್ದ.

ಕಲ್ಲು, ಮರಳು, ನೀರು ಹಾಕಿ ತಿಂಗಳುಗಟ್ಟಲೆ ಬರೀ ನೀರನ್ನೇ ನೋಡಿದ ಮೇಲೆ ಒಂದು ಜೋಡಿ ಪಟ್ಟೆಮೀನು ಬಂತು. ಆಮೇಲೆ ಆ ಹೂವು. ಅದಕ್ಕೆ ಅನಿಮೋನಿ ಅಂತ ಹೆಸರು. ನಾನು ಹೂವು ಅಂತಲೇ ಕರೆದೆ. ಅದರ ಜೊತೆ ಎರಡು ಕೆಂಪು ಸೀಗಡಿ, ಗಾಜು ನೆಕ್ಕುವ ನಾಲ್ಕಾರು ಬಸವನಹುಳು. ಕೊಟ್ಟ ಹುಬ್ಬಳ್ಳಿಯ ಅಂಗಡಿಯವನು, "ತಾಮ್ರ ಮಾತ್ರ ಹತ್ರ ತರಬ್ಯಾಡ್ರಿ. ಮೀನು ತಡಕೋತಾವ, ಹೂವು, ಸೀಗಡಿ ತಡಕೊಳ್ಳೂದಿಲ್ಲ" ಅಂದಿದ್ದನಂತೆ. ಅಂದಿನಿಂದ ನನ್ನ ತಾಮ್ರದ ತಂಬಿಗೆಗೆ ಪಡಸಾಲೆಯಲ್ಲಿ ಪ್ರವೇಶ ಇಲ್ಲ. ಪೈಪಿಗೆ ಹಾಕಿದ್ದ ಒಂದು ಹಿತ್ತಾಳೆಯ ಬಿರಡೆಯನ್ನೂ ಬಿಚ್ಚಿ ಪ್ಲಾಸ್ಟಿಕ್ಕಿನದು ಹಾಕಿದರು.

ಊಟದ ವಿಷಯದಲ್ಲಿ ಅತ್ತೆ ಒಂದು ಗೆರೆ ಎಳೆದರು. ಈ ಜೀವಗಳಿಗೆ ಹೆಪ್ಪುಗಟ್ಟಿಸಿದ ಸಣ್ಣ ಸೀಗಡಿ ಆಗಬೇಕು. ಅದು ನಮ್ಮ ಫ್ರಿಜ್ಜಿನಲ್ಲಿ ಹಾಲು ಮೊಸರಿನ ಮಗ್ಗುಲಿಗೆ ಕೂರುವಂತಿಲ್ಲ. ಹಾಗಾಗಿ ಪಾಕೀಟು ಅಲ್ಲಾವುದ್ದೀನನ ಮನೆಯ ಫ್ರಿಜ್ಜಿನಲ್ಲಿ. ಅವನ ಹೆಂಡತಿ ಕುಬ್ರಾ ದಿನಾ ಒಂದು ಚೂರು ಮುರಿದು ಸ್ಟೀಲಿನ ಡಬ್ಬಿಗೆ ಹಾಕಿ ಕೊಡುವಳು, ಸಂಜೆ ಟೀಗೆ ಬರುವಾಗ ಅವನು ತರುವನು. ಅತ್ತೆ ಆ ಡಬ್ಬಿಯನ್ನು ಮುಟ್ಟುತ್ತಿರಲಿಲ್ಲ. ಆದರೆ ಪೂಜೆ ಮುಗಿದ ಮೇಲೆ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಹೂವು ಎಸಳು ಚಾಚಿ ಆ ಚೂರನ್ನು ಒಳಗೆ ಎಳೆದುಕೊಳ್ಳುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಬೇಸಿಗೆ ಬಂತು. ಸೆಕೆಗೆ ನೀರು ಕೆಡಬಾರದೆಂದು ಹೆಚ್ಚು ಹೆಚ್ಚು ನೀರು ಬದಲಿಸಬೇಕಾಯಿತು, ಕ್ಯಾನುಗಳು ಸಾಲಲಿಲ್ಲ. ಇವರು ಅಂಗಡಿಯ ಹಿಂದೆ ಬೋರಲು ಹಾಕಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಮೂಸಿ ನೋಡಿ ಅಲ್ಲಾವುದ್ದೀನನ ವ್ಯಾನಿಗೆ ಏರಿಸಿದರು. ನಮ್ಮ ಕಡೆ ಡ್ರಮ್ಮು ಎಸೆಯುವವರು ಯಾರೂ ಇಲ್ಲ, ತಳ ಒಡೆಯುವ ತನಕ ಅದಕ್ಕೆ ಒಂದಲ್ಲ ಒಂದು ಕೆಲಸ.

ಡ್ರಮ್ಮಿನ ನೀರು ಹಾಕಿದ ಮರುದಿನವೇ ಹೂವು ಮುದುಡಿತು. ಸೀಗಡಿಗಳು ಅಡ್ಡ ಬಿದ್ದವು. ಬಸವನಹುಳುಗಳು ಗಾಜಿನಿಂದ ಕಳಚಿ ಉದುರಿದವು. ಮೀನುಗಳು ಮಾತ್ರ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಬದುಕಿದವು. ಇವರು ನೊರೆಯ ಯಂತ್ರ ತೊಳೆದರು, ಬಟ್ಟೆಚೀಲ ಬದಲಿಸಿದರು, ಸಂಪಿನ ಮುಂದೆಯೇ ಚಾಪೆ ಹಾಸಿಕೊಂಡು ಮಲಗಿದರು. ಏನೂ ಆಗಲಿಲ್ಲ. ಹೂವು ಕರಗಿ ಲೋಳೆಯಾಯಿತು. ಕೈಯಾರೆ ಅದನ್ನು ಹೊರಗೆ ತೆಗೆಯುವಾಗ ಇವರ ಮುಖ ನೋಡಲಾಗಲಿಲ್ಲ. ಅತ್ತೆ ತಮ್ಮ ಕುರ್ಚಿಯನ್ನು ಒಳಗೆ ಒಯ್ದಿಟ್ಟರು.

ಆ ಸಂಜೆ ಅಲ್ಲಾವುದ್ದೀನ್ ಡಬ್ಬಿ ಹಿಡಿದು ಎಂದಿನಂತೆ ಬಂದ. ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ಅವನು ಟೀ ಗ್ಲಾಸು ಕೈಗೆತ್ತಿಕೊಂಡಿದ್ದನಷ್ಟೇ.

"ಅಳಿವಿ ದಾಟಿ ಹೋಗಾಕ ಬ್ಯಾಸರಾತೇನು ನಿನಗ?" ಇವರ ದನಿ ರಸ್ತೆಗೆ ಕೇಳುವಂತಿತ್ತು. "ಧಕ್ಕಿ ಮ್ಯಾಲೆ ನಿಂತು ಡೀಸೆಲ್ ನೀರು ತುಂಬಿಸ್ಕೊಂಡು ಬಂದಿ. ನಂಬಿದ್ದಕ್ಕ ಛಲೋ ಮಾಡಿದಿ. ಹೂವು ಕೊಂದಿ ನೀನು."

ಅಲ್ಲಾವುದ್ದೀನ್ ಇವರನ್ನು ನೋಡಿದ, ಗಿರಾಕಿಗಳನ್ನು ನೋಡಿದ. ಗ್ಲಾಸನ್ನು ಮೆಟ್ಟಿಲ ಮೇಲಿಟ್ಟ. "ಆತಣ್ಣಾ" ಅಂದು ವ್ಯಾನು ಹತ್ತಿ ಹೋದ. ಆಮೇಲೆ ಬರಲಿಲ್ಲ.

ನಾನು ಹೇಳುವಷ್ಟು ಹೇಳಿದೆ. ಹೂವು ಹೋದರೆ ಇನ್ನೊಂದು ತರಬಹುದು, ಅಂಥ ಮನುಷ್ಯನನ್ನು ಎಲ್ಲಿಂದ ತರುತ್ತೀರಿ ಅಂದೆ. "ನೀರು ತಂದಾಂವ ಅವನ, ಮತ್ತ್ಯಾರದು ತಪ್ಪು?" ಅಂದರು. ಸಂಜೆಯಾದರೆ ಟೀ ಬರುತ್ತಿತ್ತು. ಇವರು ಮೆಟ್ಟಿಲಿಗೆ ಹೋಗದೆ ಒಳಗೆ ನಿಂತೇ ಕುಡಿದು ಪೈಪು ಎಣಿಸುತ್ತಿದ್ದರು. ರಸ್ತೆಯಲ್ಲಿ ವ್ಯಾನಿನ ಸದ್ದಾದರೆ ಕತ್ತು ತಾನಾಗಿ ಹೊರಳುತ್ತಿತ್ತು. ಇಷ್ಟಾದರೂ ಮೀನಿನ ಡಬ್ಬಿ ತಪ್ಪಲಿಲ್ಲ. ಕುಬ್ರಾ ಪೇಟೆಗೆ ಬಂದಾಗ ನನ್ನ ಗಲ್ಲೆಯ ಮೇಲೆ ಇಟ್ಟು ಹೋಗುತ್ತಿದ್ದಳು. "ಮೀನಿಗೇನ್ ಗೊತ್ರೀ ಅಕ್ಕಾ, ಈ ಗಂಡಸರ ಜಗಳ?" ಅಂದಳು ಒಮ್ಮೆ. ನನಗೆ ನಾಚಿಕೆಯಾಗಿ ಅವಳ ಮುಖ ನೋಡಲಾಗಲಿಲ್ಲ.

ಮೇ ತಿಂಗಳು ಮುಗಿಯುತ್ತ ಬಂತು. ಮಳೆಗಾಲದ ಔಷಧಿಗೆ ತೋಟದವರು ಅಂಗಡಿಗೆ ಮುತ್ತಿಕೊಳ್ಳುವ ಕಾಲ. ಹುಲಗೋಳದ ಕೆರಿಯಪ್ಪ ಮೈಲುತುತ್ತದ ಚೀಲ ಕಟ್ಟಿಸಿಕೊಂಡು, ಹೊರಡುವಾಗ ಅಂದ, "ಹ್ವಾದ ವರ್ಷ ಒಯ್ದಿದ್ನೆಲ್ರೀ, ಆ ನೀಲಿ ಡ್ರಮ್ಮು ಈ ಸಲಾನೂ ಕೊಡ್ರಿ. ತುತ್ತ ಕಲಸಾಕ ಅದು ಬರೋಬರಿ ಐತಿ."

ಇವರು ಪೈಪು ಅಳೆಯುತ್ತಿದ್ದರು. ಅಳತೆ ಟೇಪು ಸರ್ರನೆ ಸುತ್ತಿಕೊಂಡು ಒಳಗೆ ಹೋಯಿತು.

ಮೈಲುತುತ್ತ ಅಂದರೆ ತಾಮ್ರವೇ. ಅದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹರೆಯದಿಂದ ಚೀಲಗಟ್ಟಲೆ ಮಾರಿದವರು. ನನ್ನ ತಂಬಿಗೆಗೆ ಹೆದರಿದರು, ಹಿತ್ತಾಳೆಯ ಬಿರಡೆಗೆ ಹೆದರಿದರು, ಈ ಡ್ರಮ್ಮು ಮಳೆಗಾಲದಲ್ಲಿ ಊರ ತೋಟಗಳನ್ನು ಸುತ್ತಿ ಬಂದದ್ದು ಅಂತ ಮಾತ್ರ ಹೊಳೆಯಲಿಲ್ಲ. ದಿನಾ ಕಣ್ಣೆದುರು ಇರುವ ವಸ್ತುವನ್ನು ಯಾರು ಅನುಮಾನಿಸುತ್ತಾರೆ? ಒಳಗೆ ನೀಲಿ ಕಲೆ ಉಳಿದಿದ್ದರೂ ನೀಲಿ ಡ್ರಮ್ಮಿನಲ್ಲಿ ಅದು ಕಾಣುವಂತಿರಲಿಲ್ಲ.

ಕೆರಿಯಪ್ಪನನ್ನು ಬೇರೆ ಡ್ರಮ್ಮು ಕೊಟ್ಟು ಕಳಿಸಿ, ಇವರು ಹಿತ್ತಲಿಗೆ ಹೋದರು. ಮೈಲುತುತ್ತಕ್ಕೆ ಸುಣ್ಣ ಸಾಲದೆ ಹೋದರೆ ಗೊನೆ ಸುಡುತ್ತದೆ. ಅದಕ್ಕೆ ತೋಟದವರು ಕಲಸಿದ ಔಷಧಿಯಲ್ಲಿ ಕುಡುಗೋಲು ಅದ್ದಿ ನೋಡುತ್ತಾರೆ. ಕಬ್ಬಿಣದ ಮೇಲೆ ಕೆಂಪು ಕೂತರೆ ಸುಣ್ಣಕ್ಕೆ ಕೂಡದ ತಾಮ್ರ ಇನ್ನೂ ಉಳಿದಿದೆ ಅಂತ ಅರ್ಥ. ಈ ಪರೀಕ್ಷೆಯನ್ನು ಇವರು ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದಾರೋ ಲೆಕ್ಕವಿಲ್ಲ. ಈಗ ಡ್ರಮ್ಮಿನ ತಳಕ್ಕೆ ಸ್ವಲ್ಪ ನೀರು ಹಾಕಿ, ಅಂಟಿದ್ದು ಕರಗಲೆಂದು ನಿಂಬೆಹಣ್ಣು ಹಿಂಡಿ, ತಳವನ್ನೂ ಅಂಚನ್ನೂ ತಿಕ್ಕಿ ತೊಳೆದು, ಆ ನೀರಿನಲ್ಲಿ ಉಜ್ಜಿದ ಕುಡುಗೋಲು ಇಳಿಬಿಟ್ಟು ಕೂತರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎತ್ತಿದಾಗ ಅಲಗಿನ ಮೇಲೆ ತೆಳ್ಳಗೆ ಕೆಂಪು ಬಂದಿತ್ತು.

"ಕೊಂದಾಂವ ನಾನ" ಅಂದರು.

ಸಿಟ್ಟು ಬಂದಿತ್ತು ನನಗೆ, ನೆತ್ತಿಗೇರುವಷ್ಟು. ಆದರೆ ಕುಡುಗೋಲು ಹಿಡಿದು ಕೂತ ಆ ಮನುಷ್ಯನನ್ನು ನೋಡಿ ಅಷ್ಟೇ ಮರುಕವೂ ಆಯಿತು. "ಮುಂದೇನು?" ಅಂದೆ. ನಾಳೆ ಹೋಗಿ ಮಾತಾಡುತ್ತೇನೆ ಅಂದರು. "ನಾಳೆ ಯಾಕ್ರಿ? ಬೈಯೂದು ಆವತ್ತ ಆಗಿತ್ತಲ್ಲ. ಚಪ್ಪಲಿ ಹಾಕ್ಕೊಳ್ರಿ" ಅಂದೆ.

ಅಲ್ಲಾವುದ್ದೀನನ ಮನೆಯಲ್ಲಿ ಕುಬ್ರಾ ಬಾಗಿಲು ತೆಗೆದು ಕೂರಿಸಿದಳು. ಅವನು ಒಳಗಿನಿಂದ ಬಂದು ಎದುರಿಗೆ ನಿಂತ. ಇವರು ಸುತ್ತಿ ಬಳಸಿ ಮಾತಾಡಲಿಲ್ಲ. "ನಿನ್ನ ನೀರು ಛಲೋ ಇತ್ತು. ಡ್ರಮ್ಮಿನಾಗ ತುತ್ತ ಇತ್ತು. ಕೊಟ್ಟಾಂವ ನಾನು, ತಪ್ಪು ನಂದು. ನಾಕು ಮಂದಿ ಮುಂದ ನಿನಗ ಅಂದೆ, ನಾಳೆ ನಾಕು ಮಂದಿ ಮುಂದ ಹೇಳ್ತೀನಿ" ಅಂದರು.

ಅವನ ಮುಖದಲ್ಲಿ ಸಮಾಧಾನ ಕಾಣುತ್ತೇನೋ ಅಂತ ನಾನು ಕಾದೆ. ಅವನು ಧೊಪ್ಪನೆ ಕುರ್ಚಿಯ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ಹಂಗಾದ್ರ ಮಾದೇವಂದೂ ತಪ್ಪಿರಲಿಲ್ಲ" ಅಂದ.

ಆಗ ಕುಬ್ರಾ ಹೇಳಿದಳು. ನಮ್ಮ ಅಂಗಡಿಯಿಂದ ಹೋದ ಮರುದಿನ ಅಲ್ಲಾವುದ್ದೀನ್ ತದಡಿಯ ಧಕ್ಕೆಯ ಮೇಲೆ ಎಲ್ಲರೆದುರು ಮಾದೇವನ ಮೇಲೆ ಹರಿಹಾಯ್ದಿದ್ದ. ಅಳಿವೆ ದಾಟದೆ ನೀರು ತುಂಬಿ ಮೋಸ ಮಾಡಿದೆ, ಅಣ್ಣನ ಮುಂದೆ ನನ್ನ ಮಾನ ಕಳೆದೆ ಅಂದಿದ್ದ. ಅವತ್ತಿನಿಂದ ಮಾದೇವನ ದೋಣಿಯ ಮೀನು ತೆಗೆದುಕೊಳ್ಳುವುದನ್ನೂ ಬಿಟ್ಟಿದ್ದ. ನಮ್ಮವರು ಆಡಿದ ಮಾತು ಘಟ್ಟ ಇಳಿದು ಅಲ್ಲಿಯ ತನಕ ಹೋಗಿತ್ತು, ನಮಗೆ ಗೊತ್ತೇ ಇರಲಿಲ್ಲ.

"ನಾಳೆ ನಾನೂ ಬರ್ತೀನಿ" ಅಂದರು ಇವರು.

"ಮೀನಿನ ವ್ಯಾನಿನಾಗೇನ್ರಿ?" ಅಂದಳು ಕುಬ್ರಾ.

"ಮತ್ತೆ, ವಿಮಾನದಾಗೇನು?" ಅಂದೆ ನಾನು. "ನನಗೂ ಒಂದು ಜಾಗ ಇಟ್ಕೊಳ್ರಿ."

ಬೆಳಕು ಹರಿಯುವ ಹೊತ್ತಿಗೆ ಘಟ್ಟ ಇಳಿದೆವು. ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತಿದ್ದೆವು. ಕುಮಟಾ ಬರುವ ತನಕ ನಾನೊಬ್ಬಳೇ ಏನೇನೋ ಮಾತಾಡುತ್ತಿದ್ದೆ. ಧಕ್ಕೆಯ ಮೇಲೆ ಆಗಲೇ ದೋಣಿಗಳು ಬಂದಿದ್ದವು, ಹೆಂಗಸರು ಬುಟ್ಟಿ ಹಿಡಿದು ಕೂಗಾಡುತ್ತಿದ್ದರು. ಮಾದೇವ ಬಲೆ ಮಡಚುತ್ತಿದ್ದ. ಒಣಕಲು ಮೈ, ನರೆತ ಗಡ್ಡ. ಅಲ್ಲಾವುದ್ದೀನನನ್ನು ಕಂಡು ತಲೆ ತಗ್ಗಿಸಿ ತನ್ನ ಕೆಲಸ ಮುಂದುವರಿಸಿದ.

ಅಲ್ಲಾವುದ್ದೀನ್ ಬಾಯಿ ತೆರೆಯುವ ಮೊದಲೇ ನಮ್ಮವರು ಮುಂದೆ ಹೋದರು. "ಇವಂದಲ್ಲ, ನಂದು ತಪ್ಪು. ನಾನು ಇವಗ ಅಂದೆ, ಇವ ನಿಮಗ ಅಂದ" ಅಂತ ಶುರುಮಾಡಿ, ಡ್ರಮ್ಮಿನ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಅಕ್ಕಪಕ್ಕದವರೂ ಬಂದು ನಿಂತು ಕೇಳಿದರು.

ಮಾದೇವ ಎಲ್ಲ ಕೇಳಿದ. ಅಲ್ಲಾವುದ್ದೀನನ ಕಡೆ ತಿರುಗಿ ಅಂದ, "ಸಿಟ್ಟಿಲ್ಲ ಮಾರಾಯ. ಬೈದದ್ದೂ ಅಡ್ಡಿಲ್ಲ. ಇಷ್ಟು ವರ್ಷ ನೋಡಿದವ ನೀನು, ಮೊದಲು ಒಂದು ಮಾತು ಕೇಳ್ಬೇಕಿತ್ತು. 'ಮಾದೇವ, ನೀರು ಎಲ್ಲಿ ತುಂಬಿದ್ದೆ' ಅಂತ. ಅಷ್ಟೇ."

ಅಲ್ಲಾವುದ್ದೀನ್ ಅವನ ಕೈ ಹಿಡಿದುಕೊಂಡು ನಿಂತ. ಮಾದೇವ ಕೈ ಬಿಡಿಸಿಕೊಳ್ಳಲಿಲ್ಲ. ನಮ್ಮವರು ಇಬ್ಬರನ್ನೂ ನೋಡುತ್ತಿದ್ದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ಅಲ್ಲಾವುದ್ದೀನಾ, ಈ ಮಾತು ನೀ ನನಗ ಯಾಕ ಅನ್ಲಿಲ್ಲೋ?"

"ಕೇಳಾಕ ಬರ್ತೀರಿ ಅಂತ ದಿನಾ ಸಂಜಿಮುಂದ ಮನಿ ಬಾಗಿಲದಾಗ ಕುಂತಿದ್ನಣ್ಣಾ" ಅಂದ ಅವನು.

ಅಪ್ಪ ತೀರಿಕೊಂಡಾಗಲೂ ನಾಲ್ಕು ಜನರ ಮುಂದೆ ಕಣ್ಣೀರು ಹಾಕದವರು ನಮ್ಮವರು. ಆ ಧಕ್ಕೆಯ ಮೇಲೆ, ಮೀನಿನ ಬುಟ್ಟಿಗಳ ನಡುವೆ ನಿಂತು ಬಿಕ್ಕಿ ಬಿಕ್ಕಿ ಅತ್ತರು. ನಾನು ಸುಮ್ಮನಿರಿ ಅನ್ನಲಿಲ್ಲ.